ಕಚೇರಿಗೆ ಗೊತ್ತಿರುವುದನ್ನು ಜನರ ಹತ್ತಿರ ಯಾಕೆ ಕೇಳಬೇಕು?

2020ರ ಏಪ್ರಿಲ್‌ನಲ್ಲಿ ಎರಡು ತಿಂಗಳ ರೇಷನ್ ಒಟ್ಟಿಗೆ ಕೊಡಿ ಎಂದು ಆದೇಶ ಬಂತು. ಅದರ ಜೊತೆಗೇ ಬೆರಳಚ್ಚು ತೆಗೆದುಕೊಳ್ಳಬೇಡಿ ಎಂದೂ ಹೇಳಿದರು. ಎಲ್ಲರೂ ಒಂದೇ ಮೆಷಿನ್ ಮುಟ್ಟಿದರೆ ಸೋಂಕು ಹರಡೀತು ಎಂಬ ಭಯ. ಮೊದಲು ಮೊಬೈಲ್‌ಗೆ ಒಟಿಪಿ ಕಳಿಸುವ ಏರ್ಪಾಡಾಯಿತು. ಹಳ್ಳಿಯಲ್ಲಿ ಅದೂ ಎಲ್ಲರಿಗೂ ಆಗದು ಎಂದು ಗೊತ್ತಾದಾಗ, ಕಾರ್ಡ್ ನೋಡಿ ಕೊಡಿ ಎಂದರು.

ಅಲ್ಲಿಯವರೆಗೆ ಹೆಬ್ಬೆಟ್ಟು ಕೂರದಿದ್ದರೆ ಅಕ್ಕಿ ಇಲ್ಲ. ಟೊಮೆಟೊ ಬಿಡಿಸಿ, ಹಿಪ್ಪುನೇರಳೆ ಸೊಪ್ಪು ಕೊಯ್ದು, ಪಾತ್ರೆ ಉಜ್ಜಿ ಬೆರಳಿನ ಗೆರೆಯೇ ಸವೆದುಹೋದ ಹೆಂಗಸರನ್ನು ನಮ್ಮ ಕಡೆ ಎಲ್ಲಿ ಬೇಕಾದರೂ ನೋಡಬಹುದು. ಒಂದಾದ ಮೇಲೆ ಒಂದು ಬೆರಳು ಇಟ್ಟು ನೋಡುತ್ತಿದ್ದರು. ನಾಳೆ ಬನ್ನಿ ಅನ್ನಿಸಿಕೊಂಡು ಖಾಲಿ ಚೀಲ ಹಿಡಿದು ಹೋಗುತ್ತಿದ್ದರು. ಅಷ್ಟು ಗಟ್ಟಿಯಾಗಿದ್ದ ನಿಯಮ ಕೆಲವೇ ದಿನದಲ್ಲಿ ಸಡಿಲವಾಯಿತು. ಅಕ್ಕಿ ಮನೆ ಸೇರಿತು.

ಆಗಿನಿಂದ ನನ್ನನ್ನು ಒಂದೇ ಪ್ರಶ್ನೆ ಕಾಡುತ್ತಿದೆ. ಒಬ್ಬ ಮನುಷ್ಯನಿಗೆ ಏನು ಸಲ್ಲಬೇಕು ಎಂಬುದನ್ನು ಸಾಬೀತು ಮಾಡುವ ಕೆಲಸ ಯಾರದು? ಅವನದೋ, ಕಚೇರಿಯದೋ? ಕೊರೊನಾ ಕಾಲದಲ್ಲಿ ಆ ಕೆಲಸವನ್ನು ಕಚೇರಿ ಹೊತ್ತುಕೊಂಡ ಕಡೆಯೆಲ್ಲ ಸೇವೆ ಸುಧಾರಿಸಿತು. ಹೊತ್ತುಕೊಳ್ಳದ ಕಡೆ ಎಷ್ಟೇ ಒಳ್ಳೆಯ ಪೋರ್ಟಲ್ ಇದ್ದರೂ ಜನ ಸುತ್ತಾಡುವುದು ತಪ್ಪಲಿಲ್ಲ. ಇದು ನಾನು ಕಣ್ಣಾರೆ ಕಂಡದ್ದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೋಲಾರ ಜಿಲ್ಲೆಯವನು. ಕಂದಾಯ ಇಲಾಖೆಗೆ ಗ್ರಾಮ ಲೆಕ್ಕಿಗನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದೆ. ಕೈಬರಹದಲ್ಲಿ ಪಹಣಿ ಬರೆದುಕೊಟ್ಟ ಕಾಲವನ್ನೂ ನೋಡಿದ್ದೇನೆ. ಭೂಮಿ ತಂತ್ರಾಂಶ ಬಂದ ಕಾಲವನ್ನೂ ನೋಡಿದ್ದೇನೆ. ಮೊಬೈಲ್ ಹಿಡಿದು ಇಡೀ ತಾಲ್ಲೂಕು ನಡೆಸಿದ ಆ ಎರಡು ವರ್ಷವಂತೂ ಮರೆಯುವ ಹಾಗೇ ಇಲ್ಲ.

ಕಂಪ್ಯೂಟರ್ ನಮಗೆ ಕೊರೊನಾ ಕಲಿಸಿಕೊಟ್ಟ ವಿದ್ಯೆಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಕರ್ನಾಟಕದಲ್ಲಿ 2000ದ ಸುಮಾರಿಗೇ ಭೂಮಿ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅದಕ್ಕಿಂತ ದೊಡ್ಡ ಬದಲಾವಣೆ ಒಳಗಡೆ ಆಗಿತ್ತು. ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾಯಿಸುವ ಅರ್ಜಿಗಳಲ್ಲಿ ಮೊದಲು ಬಂದದ್ದನ್ನೇ ಮೊದಲು ವಿಲೇವಾರಿ ಮಾಡಬೇಕು. ಹಿಂದಿನದನ್ನು ಬಿಟ್ಟು ಮುಂದಿನದನ್ನು ತೆಗೆಯಲು ತಂತ್ರಾಂಶವೇ ಬಿಡುತ್ತಿರಲಿಲ್ಲ. ಯಾರೋ ಫೋನ್ ಮಾಡಿಸಿದರು ಅಂತ ಒಂದು ಫೈಲನ್ನು ಮೇಲಕ್ಕೆ ತರುವುದು ನಿಂತಿತು. ಆ ಶಿಸ್ತನ್ನು ನಾನು ಈಗಲೂ ಗೌರವದಿಂದ ನೆನೆಯುತ್ತೇನೆ.

2012ರಲ್ಲಿ ಸಕಾಲ ಬಂತು. ಗೊತ್ತುಪಡಿಸಿದ ದಿನದೊಳಗೆ ಕೆಲಸ ಮಾಡದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದೇ ವರ್ಷದ ಕೊನೆಗೆ ನಾಡಕಚೇರಿಗಳು ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು. ಜಾತಿ ಆದಾಯ ಪ್ರಮಾಣಪತ್ರಕ್ಕೆ ತಾಲ್ಲೂಕಿಗೆ ಬರುವುದು ತಪ್ಪಿತು, ಹೋಬಳಿಯಲ್ಲೇ ಸಿಗುವಂತಾಯಿತು. 2018ರಲ್ಲಿ ಸರ್ಕಾರಿ ಸೇವೆಗಳಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕುವ ಸೇವಾ ಸಿಂಧು ಪೋರ್ಟಲ್. ಹೀಗೆ ಕೊರೊನಾ ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಸಾಕಷ್ಟು ಇತ್ತು. ಕೆಲಸದ ವೇಗ ಹೆಚ್ಚಿತ್ತು. ಆದರೆ ಕಾಗದ ಹೊಂದಿಸಿ ತರುವ ಹೊರೆ ಮಾತ್ರ ಅರ್ಜಿದಾರನ ತಲೆಯ ಮೇಲೇ ಉಳಿದಿತ್ತು.

ಲಾಕ್‌ಡೌನ್ ಶುರುವಾದಾಗ ಕೋಲಾರ ಹಸಿರು ವಲಯ. 2020ರ ಮೇ ಎರಡನೇ ವಾರದವರೆಗೂ ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಪಕ್ಕದಲ್ಲಿ ಆಂಧ್ರ, ತಮಿಳುನಾಡು. ಇನ್ನೊಂದು ಪಕ್ಕದಲ್ಲಿ ಬೆಂಗಳೂರು. ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ನಮ್ಮ ಗ್ರಾಮ ಲೆಕ್ಕಿಗರು ಪೊಲೀಸರ ಜೊತೆ ಪಾಳಿಯಲ್ಲಿ ನಿಂತರು. ಹೊರಗಿನಿಂದ ಬಂದವರ ಹೆಸರು ಬರೆದುಕೊಳ್ಳುವುದು, ಕೈಗೆ ಕ್ವಾರಂಟೈನ್ ಸೀಲ್ ಹಾಕುವುದು, ಅವರು ಮನೆಯಲ್ಲೇ ಇದ್ದಾರಾ ಎಂದು ನೋಡುವುದು. ಮನೆಯಲ್ಲಿರುವವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂದು ರಾಜ್ಯ ಸರ್ಕಾರದ ಒಂದು ಆ್ಯಪ್ ಬಂದಿತ್ತು. ಕೀಪ್ಯಾಡ್ ಫೋನ್ ಇದ್ದವನು ಎಲ್ಲಿಂದ ಸೆಲ್ಫಿ ಕಳಿಸಬೇಕು? ಅಂಥವರ ಮನೆಗೆ ನಮ್ಮವರೇ ಹೋಗಬೇಕು. ಆಶಾ ಕಾರ್ಯಕರ್ತೆಯರು ಹೋಗಬೇಕು.

ಕಚೇರಿಯ ಕೆಲಸವೂ ಬೇರೆ ರೂಪ ಪಡೆಯಿತು. ಸಿಬ್ಬಂದಿ ಪಾಳಿಯಲ್ಲಿ ಬರುತ್ತಿದ್ದರು. ಮೊದಲಾದರೆ ಒಂದು ಟಪ್ಪಾಲು ಇನ್‌ವರ್ಡ್ ಆಗಿ, ಷರಾ ಬಿದ್ದು, ಕೇಸ್ ವರ್ಕರ್ ಟೇಬಲ್‌ಗೆ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ಈಗ ಜಿಲ್ಲಾಧಿಕಾರಿ ಕಚೇರಿಯಿಂದ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಪತ್ರ ಬಂದರೆ ಸಂಜೆಯ ವಿಡಿಯೊ ಸಭೆಯಲ್ಲಿ ಉತ್ತರ ಕೊಡಬೇಕು. ಕಡತಗಳನ್ನು ಕಂಪ್ಯೂಟರ್‌ನಲ್ಲೇ ನಡೆಸುವ ಇ-ಆಫೀಸ್ ಬಗ್ಗೆ ಅದುವರೆಗೆ ತರಬೇತಿ ಪಡೆದು ಮರೆತಿದ್ದವರೆಲ್ಲ ಕೂತು ಕಲಿತರು. ಫೈಲ್ ಕಳೆದುಹೋಗುವುದು ನಿಂತಿತು. ಯಾರ ಲಾಗಿನ್‌ನಲ್ಲಿ ಎಷ್ಟು ದಿನದಿಂದ ಕೂತಿದೆ ಎಂದು ಪರದೆಯ ಮೇಲೆ ಕಾಣುತ್ತಿತ್ತು. ಇದು ನಿಜಕ್ಕೂ ಒಳ್ಳೆಯದಾಯಿತು.

ಆದರೆ ಇದರ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಎಲ್ಲ ಆ್ಯಪ್‌ಗಳೂ ಕೊನೆಗೆ ಬಂದು ಇಳಿದದ್ದು ಗ್ರಾಮ ಲೆಕ್ಕಿಗನ ಸ್ವಂತ ಫೋನಿನಲ್ಲಿ. ಸ್ವಂತ ದುಡ್ಡಿನ ಡೇಟಾದಲ್ಲಿ. ಬೆಳೆ ಸಮೀಕ್ಷೆ, ಪಿಂಚಣಿ, ಮನೆ ಹಾನಿ, ಮತದಾರರ ಪಟ್ಟಿ, ಒಂದೊಂದಕ್ಕೂ ಒಂದೊಂದು ಆ್ಯಪ್. ಕೊರೊನಾ ಮುಗಿದರೂ ಅದು ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು (ಗ್ರಾಮ ಲೆಕ್ಕಿಗರಿಗೆ ಈಗಿನ ಹೆಸರು) ಮುಷ್ಕರಕ್ಕೆ ಇಳಿದರು. ಹದಿನೇಳಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತಾರೆ, ಕೂರಲು ಕುರ್ಚಿ ಮೇಜಿಲ್ಲ, ಲ್ಯಾಪ್‌ಟಾಪ್ ಇಲ್ಲ ಎಂಬುದು ಅವರ ದೂರು. ಇದರಲ್ಲಿ ಒಂದು ಮಾತೂ ಉತ್ಪ್ರೇಕ್ಷೆಯಲ್ಲ. ಆಶಾ ಕಾರ್ಯಕರ್ತೆಯರ ಕಥೆಯೂ ಹೀಗೇ. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದ ಹೊತ್ತಿನಲ್ಲೇ, ರಾಜ್ಯದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಮನೆ ಬಾಗಿಲಿಗೆ ಸೇವೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಆ ಬಾಗಿಲವರೆಗೆ ನಡೆದದ್ದು ಈ ಹೆಂಗಸರ ಕಾಲುಗಳು.

ಇನ್ನು ಲಾಕ್‌ಡೌನ್‌ನಲ್ಲಿ ದುಡಿಮೆ ನಿಂತವರಿಗೆ ಕೊಟ್ಟ ಪರಿಹಾರದ ಹಣದ ವಿಷಯ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. 7.75 ಲಕ್ಷ ಆಟೊ, ಟ್ಯಾಕ್ಸಿ ಚಾಲಕರು, 2.30 ಲಕ್ಷ ಕ್ಷೌರಿಕರು, 60,000 ಅಗಸರು, ಇವರಿಗೆ ತಲಾ 5,000 ರೂಪಾಯಿ. ಮನಸ್ಸು ಒಳ್ಳೆಯದಿತ್ತು. ಅರ್ಜಿ ಸೇವಾ ಸಿಂಧುವಿನಲ್ಲಿ. ಆದರೆ ತಾನು ಕ್ಷೌರಿಕ ಎಂಬುದಕ್ಕೆ ಪ್ರಮಾಣಪತ್ರ ಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಇಂದಿಗೂ ಅಂಗಡಿ ಇಲ್ಲದ ಕ್ಷೌರಿಕರಿದ್ದಾರೆ. ಮನೆ ಮನೆಗೆ ಹೋಗಿ ಕೆಲಸ ಮಾಡುತ್ತಾರೆ. ಸುಗ್ಗಿಯಲ್ಲಿ ಆಯ ಅಂತ ರಾಗಿ, ಅವರೆ ತೆಗೆದುಕೊಳ್ಳುತ್ತಾರೆ. ಅವರ ಹತ್ತಿರ ಲೈಸೆನ್ಸ್ ಎಲ್ಲಿಂದ ಬರಬೇಕು? ಇಡೀ ಊರಿಗೆ ಗೊತ್ತಿರುವ ಒಂದು ವಿಷಯವನ್ನು ಕಾಗದದಲ್ಲಿ ಬರೆಸಿಕೊಳ್ಳಲು ಅವರು ಬಸ್ಸಿಲ್ಲದ ಕಾಲದಲ್ಲಿ ನಡೆದು ಬಂದರು. ಮುಂದಿನ ವರ್ಷ ಎರಡನೇ ಅಲೆಯಲ್ಲಿ 1,250 ಕೋಟಿಯ ಇನ್ನೊಂದು ಪ್ಯಾಕೇಜ್ ಬಂತು. ಆಟೊ ಚಾಲಕರಿಗೆ 3,000 ರೂಪಾಯಿ. ಮತ್ತೆ ಅರ್ಜಿ ಕರೆದರು. ಹಿಂದಿನ ವರ್ಷ ಹಣ ಪಡೆದವರ ಹೆಸರು, ಆಧಾರ್, ಬ್ಯಾಂಕ್ ಖಾತೆ ಎಲ್ಲ ಸರ್ಕಾರದ ಹತ್ತಿರವೇ ಇತ್ತು. ಅವರನ್ನಾದರೂ ಮತ್ತೆ ಕೇಳಬೇಕಿರಲಿಲ್ಲ, ಅಲ್ವಾ?

ಅದೇ ದಿನಗಳಲ್ಲಿ ಪೋಸ್ಟ್‌ಮ್ಯಾನ್‌ಗಳು ಮಾಡಿದ ಕೆಲಸವನ್ನು ನೋಡಿ. ಜನಧನ್ ಖಾತೆಯ ಹೆಂಗಸರಿಗೆ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. ಬ್ಯಾಂಕ್ ಮುಂದೆ ಸುಣ್ಣದ ವೃತ್ತ ಬರೆದು ಜನರನ್ನು ನಿಲ್ಲಿಸಿದ್ದರು. ಆಗ ಅಂಚೆ ಇಲಾಖೆಯವರು ಪುಟ್ಟ ಮೆಷಿನ್ ಹಿಡಿದು ಹಳ್ಳಿಗೆ ಬಂದರು. ಬೇರೆ ಬ್ಯಾಂಕಿನ ಖಾತೆಯಿಂದಲೂ ಆಧಾರ್ ಮೂಲಕ ಹಣ ತೆಗೆದು ಕೈಗೆ ಕೊಟ್ಟರು. ಅಲ್ಲೂ ಬೆರಳಚ್ಚೇ. ಒಂದು ಬೆರಳು ಕೂರದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಬೆರಳು ನೋಡಿ, ಆಗದಿದ್ದರೆ ನಾಳೆ ನಾನೇ ಬರ್ತೀನಿ ಅಜ್ಜಿ ಅನ್ನುತ್ತಿದ್ದರು. ಓಡಾಟ ಮೆಷಿನ್ ಹಿಡಿದವನದಾಗಿತ್ತು. ಅದಕ್ಕೇ ನಾನು ಯಂತ್ರವನ್ನು ದೂರುವವನಲ್ಲ.

ಲಸಿಕೆಯಲ್ಲಿ ಇದು ಇನ್ನೂ ಚೆನ್ನಾಗಿ ಕಂಡಿತು. 2021ರ ಮೇ 1ರಿಂದ 18ರಿಂದ 44 ವರ್ಷದವರಿಗೆ ಲಸಿಕೆ ಎಂದರು. ಕೋವಿನ್‌ನಲ್ಲಿ ಮೊದಲೇ ಸ್ಲಾಟ್ ಹಿಡಿಯಬೇಕು. ಆ ಪೋರ್ಟಲ್ ಕನ್ನಡದಲ್ಲಿ ಸಿಕ್ಕಿದ್ದು ಜೂನ್‌ನಲ್ಲಿ. ಹಾಗಾಗಿ ಏನಾಯಿತು? ಬೆಂಗಳೂರಿನಲ್ಲಿ ಸ್ಲಾಟ್ ಸಿಗದವರು ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿ ಆಸ್ಪತ್ರೆಗಳಲ್ಲಿ ಸ್ಲಾಟ್ ಹಿಡಿದು ಕಾರಿನಲ್ಲಿ ಬಂದರು. ಅವರದೇನೂ ತಪ್ಪಿಲ್ಲ, ಅವರಿಗೂ ಜೀವ ಭಯ. ಆದರೆ ಆಸ್ಪತ್ರೆಯ ಎದುರು ಮನೆಯ ಹುಡುಗನಿಗೆ ಲಸಿಕೆ ಇಲ್ಲ, ಎಪ್ಪತ್ತು ಕಿಲೋಮೀಟರ್ ದೂರದವರಿಗೆ ಇದೆ ಎಂಬುದನ್ನು ಊರಿನವರು ನೋಡುತ್ತ ನಿಂತರು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಕೇಳಿತು. ಫೋನ್, ಇಂಟರ್ನೆಟ್ ಇಲ್ಲದವರು ಏನು ಮಾಡಬೇಕು ಎಂದಿತು. ಜೂನ್ ಹೊತ್ತಿಗೆ ನೇರವಾಗಿ ಕೇಂದ್ರಕ್ಕೆ ಬಂದವರಿಗೂ ಅಲ್ಲೇ ನೋಂದಣಿ ಮಾಡಿ ಹಾಕುವುದು ಎಲ್ಲ ಕಡೆ ಶುರುವಾಯಿತು. ಆಮೇಲೆ ಮತದಾರರ ಪಟ್ಟಿ ಹಿಡಿದು ಬೀದಿ ಬೀದಿಗೆ ಹೋದೆವು. ಪಟ್ಟಿಯಲ್ಲಿ ಯಾರು ಬಾಕಿ ಎಂದು ನೋಡುವ ಕೆಲಸ ನಮ್ಮದಾಯಿತು. ಕೋವಿನ್ ಅದೇ, ಫೋನ್ ಅದೇ. ಫೋನ್ ಒತ್ತುವವರು ಬದಲಾದರು, ಅಷ್ಟೆ. ಲಸಿಕೆ ಊರಿನ ಕೊನೆ ಮನೆಯವರೆಗೂ ಮುಟ್ಟಿತು.

ಈಗ ನನಗೆ ಬಹಳ ಕಷ್ಟವಾದ ವಿಷಯಕ್ಕೆ ಬರುತ್ತೇನೆ. ಎರಡನೇ ಅಲೆಯಲ್ಲಿ ನಮ್ಮ ಕಡೆ ಸತ್ತವರಲ್ಲಿ ಎಷ್ಟೋ ಜನ ದುಡಿಯುವ ವಯಸ್ಸಿನವರು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬದ ದುಡಿಯುವ ಸದಸ್ಯ ಕೋವಿಡ್‌ನಿಂದ ತೀರಿಕೊಂಡಿದ್ದರೆ 1 ಲಕ್ಷ ರೂಪಾಯಿ ಎಂದಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯ ನಂತರ, ಕೋವಿಡ್‌ನಿಂದ ಸತ್ತ ಎಲ್ಲರ ಕುಟುಂಬಕ್ಕೂ 50,000 ರೂಪಾಯಿ ಎಂದಾಯಿತು. ಹಣ ಹಂಚುವ ಹೊಣೆ ಕಂದಾಯ ಇಲಾಖೆಯದು.

ಅರ್ಜಿಯ ಜೊತೆ ಏನೆಲ್ಲ ಬೇಕಿತ್ತು ನೋಡಿ. ಮರಣ ಪ್ರಮಾಣಪತ್ರ. ಪಾಸಿಟಿವ್ ಬಂದ ವರದಿ. ಪಿ ನಂಬರ್, ಅಂದರೆ ಪಾಸಿಟಿವ್ ಆದ ಪ್ರತಿಯೊಬ್ಬರಿಗೂ ರಾಜ್ಯದ ಆರೋಗ್ಯ ಇಲಾಖೆ ಕೊಟ್ಟ ಸಂಖ್ಯೆ. ರೇಷನ್ ಕಾರ್ಡ್. ವಾರಸುದಾರರ ವಿವರ. ಬ್ಯಾಂಕ್ ಪಾಸ್‌ಬುಕ್. ಈಗ ಒಂದೊಂದಾಗಿ ಯೋಚಿಸಿ. ಪಿ ನಂಬರ್ ಕೊಟ್ಟದ್ದು ಸರ್ಕಾರ. ಟೆಸ್ಟ್ ಮಾಡಿದ್ದು ಬಹುಪಾಲು ಸರ್ಕಾರಿ ಲ್ಯಾಬ್. ಹಳ್ಳಿಯಲ್ಲಿ ಸಾವನ್ನು ನೋಂದಾಯಿಸಿದ್ದು ನಮ್ಮ ಗ್ರಾಮ ಲೆಕ್ಕಿಗ. ರೇಷನ್ ಕಾರ್ಡ್ ಕೊಟ್ಟದ್ದು ಆಹಾರ ಇಲಾಖೆ. ಅರ್ಜಿ ಹಾಕಿದ ವಿಧವೆಯ ಹತ್ತಿರ ನಿಜವಾಗಿ ಇದ್ದದ್ದು, ನಮಗೆ ಗೊತ್ತಿಲ್ಲದ್ದು, ಬ್ಯಾಂಕ್ ಖಾತೆ ನಂಬರ್ ಒಂದೇ.

ನಮ್ಮ ತಾಲ್ಲೂಕಿನಲ್ಲಿ ಆಗ ತಾಲ್ಲೂಕು ಆರೋಗ್ಯಾಧಿಕಾರಿಯವರಿಂದ ಲೈನ್ ಲಿಸ್ಟ್ ತರಿಸಿಕೊಂಡೆವು. ಸತ್ತವರ ಹೆಸರು, ಊರು, ಪಿ ನಂಬರ್ ಅದರಲ್ಲಿತ್ತು. ಅದನ್ನು ಹೋಬಳಿವಾರು ಹಂಚಿ, ಗ್ರಾಮ ಲೆಕ್ಕಿಗರನ್ನೇ ಆ ಮನೆಗಳಿಗೆ ಕಳಿಸಿದೆವು. ಅರ್ಜಿ ಮನೆಯಲ್ಲೇ ತುಂಬಿಸಿದರು. ಹೆಂಗಸರು ಸೂತಕದ ಮನೆಯಿಂದ ಕಚೇರಿಗೆ ಬರುವುದು ತಪ್ಪಿತು. ಇಷ್ಟು ಸುಲಭವಾಗಿ ಆಗುವ ಕೆಲಸ ಇದು.

ಪಟ್ಟಿಯಲ್ಲಿ ಹೆಸರಿಲ್ಲದವರ ಕಷ್ಟ ಬೇರೆ. ಬೆಡ್ ಸಿಗದೆ ಮನೆಯಲ್ಲೇ ಹೋದವರಿದ್ದರು. ಸಿಟಿ ಸ್ಕ್ಯಾನ್ ಮಾತ್ರ ಮಾಡಿಸಿಕೊಂಡು ಆರ್‌ಟಿಪಿಸಿಆರ್ ಮಾಡಿಸದವರಿದ್ದರು. ಟೆಸ್ಟ್ ಆದ 30 ದಿನದೊಳಗೆ ಸತ್ತರೆ ಕೋವಿಡ್ ಸಾವು ಎಂದು ಕೇಂದ್ರದ ಮಾರ್ಗಸೂಚಿ ಹೇಳಿತ್ತು. ದಾಖಲೆ ಇಲ್ಲದ ಪ್ರಕರಣ ನೋಡಲು ಜಿಲ್ಲಾ ಮಟ್ಟದಲ್ಲಿ ಸಮಿತಿ ಇತ್ತು. ಆದರೆ ಸಮಿತಿಯ ಮುಂದೆ ಹೋಗುವುದಕ್ಕೂ ಏನಾದರೊಂದು ಕಾಗದ ಬೇಕಲ್ಲ.

ಟೊಮೆಟೊ ಸಾಗಿಸುವ ಟೆಂಪೊ ಓಡಿಸುತ್ತಿದ್ದ ಒಬ್ಬರ ಹೆಂಡತಿ ಬಂದಿದ್ದರು. ಗಂಡ ಮೇ ತಿಂಗಳಲ್ಲಿ ಮನೆಯಲ್ಲೇ ತೀರಿಕೊಂಡಿದ್ದರು. ಆಕೆಯ ಮನೆಮಾತು ತೆಲುಗು, ನನ್ನ ಹತ್ತಿರ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. "ಸ್ವಾಮಿ, ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡಿದ್ರು. ರಿಜಲ್ಟ್ ನಮ್ಮ ಫೋನಿಗೆ ಬರಲೇ ಇಲ್ಲ. ಕೊರೊನಾ ಅಂತ ಊರಿನವರು ಹೆಣ ಮುಟ್ಟೋಕೂ ಬರಲಿಲ್ಲ. ಈಗ ಕೊರೊನಾ ಅಲ್ಲ ಅಂತಾರಲ್ಲ."

ಆಕೆಯನ್ನು ಆಸ್ಪತ್ರೆಗೆ ಹೋಗಿ ವರದಿ ತಗೊಂಡು ಬನ್ನಿ ಎಂದು ಕಳಿಸಬಹುದಿತ್ತು. ನಿಯಮ ಹಾಗೇ ಇತ್ತು. ನಮ್ಮ ಗ್ರಾಮ ಲೆಕ್ಕಿಗ ಹಾಗೆ ಮಾಡಲಿಲ್ಲ. ಆ ಊರಿನ ಆಶಾ ಕಾರ್ಯಕರ್ತೆಯ ಮನೆಗೆ ಹೋದ. ಆಕೆ ತನ್ನ ನೋಟ್‌ಬುಕ್‌ನಲ್ಲಿ ದಿನಾಂಕ ಸಮೇತ ಬರೆದಿಟ್ಟಿದ್ದರು. ಯಾರಿಗೆ ಜ್ವರ, ಯಾರಿಗೆ ಆಕ್ಸಿಜನ್ ಎಷ್ಟು ತೋರಿಸಿತು, ಯಾರನ್ನು ಯಾವತ್ತು ಟೆಸ್ಟ್‌ಗೆ ಕರೆದುಕೊಂಡು ಹೋದರು, ಎಲ್ಲ. ಆ ದಿನಾಂಕ ಹಿಡಿದು ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಹುಡುಕಿದಾಗ ಅವರು ಸಿಕ್ಕರು. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಅರ್ಧ ಹೆಸರು ಬಿಟ್ಟುಹೋಗಿತ್ತು. ಮೊಬೈಲ್ ನಂಬರ್ ಜಾಗದಲ್ಲಿ ಬೇರೆ ಯಾರದೋ ನಂಬರ್ ಇತ್ತು. ಪಿ ನಂಬರ್ ಮೊದಲಿನಿಂದಲೂ ಇತ್ತು. ಆಕೆ ಒಬ್ಬರೇ ಹುಡುಕಲು ಹೊರಟಿದ್ದರೆ ಅದು ಜನ್ಮದಲ್ಲಿ ಸಿಗುತ್ತಿರಲಿಲ್ಲ. ಯಾಕೆಂದರೆ ಹುಡುಕಬೇಕಾದ ಪಟ್ಟಿ ಇದ್ದದ್ದು ಸರ್ಕಾರದ ಒಳಗೆ.

ಹೀಗೆ ಸಿಗದವರೂ ಇದ್ದರು. ಆ ಮನೆಗಳವರು ಎದುರಿಗೆ ಸಿಕ್ಕರೆ ಈಗಲೂ ನನ್ನ ಮಾತು ತಡೆಯುತ್ತದೆ.

ಕೊರೊನಾ ನಡುವೆಯೇ ಸರ್ಕಾರ ಒಂದು ಕೆಲಸವನ್ನು ತುಂಬಾ ಚೆನ್ನಾಗಿ ಮಾಡಿತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. 2021ರಲ್ಲಿ ರೈತ ವಿದ್ಯಾನಿಧಿ ಬಂತು. ರೈತರ ಮಕ್ಕಳಿಗೆ ಓದುವ ಕೋರ್ಸ್ ನೋಡಿಕೊಂಡು ವರ್ಷಕ್ಕೆ 2,500ರಿಂದ 11,000 ರೂಪಾಯಿ. ಇದಕ್ಕೆಂದೇ ಬೇರೆ ಅರ್ಜಿ ಹಾಕುವ ಅಗತ್ಯವಿರಲಿಲ್ಲ. ರೈತರ ವಿವರ ಸರ್ಕಾರದ ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿತ್ತು. ಮಕ್ಕಳ ವಿವರ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿತ್ತು. ಎರಡನ್ನೂ ಸರ್ಕಾರವೇ ಜೋಡಿಸಿ ನೋಡಿತು. ಹಣ ನೇರವಾಗಿ ಖಾತೆಗೆ ಹೋಯಿತು. ಫೋನಿಗೆ ಮೆಸೇಜ್ ಬಂದಾಗ ಇದು ಯಾವ ದುಡ್ಡು ಎಂದು ಕೇಳಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಸರ್ಕಾರಿ ಸೇವೆ ಅಂದರೆ ಹೀಗಿರಬೇಕು ಎಂದು ಆ ದಿನ ಅನ್ನಿಸಿತು. ನಮ್ಮ ಜಿಲ್ಲೆಯ ಹಾಲು ಉತ್ಪಾದಕರಿಗೂ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಹೀಗೇ ಬರುತ್ತದೆ. ಡೇರಿಯಲ್ಲಿ ಹಾಲು ಅಳೆದ ಲೆಕ್ಕವೇ ಅದಕ್ಕೆ ಆಧಾರ.

ಆಮೇಲೆ? 2022ರ ಜನವರಿಯಲ್ಲಿ ಗ್ರಾಮ ಒನ್ ಕೇಂದ್ರಗಳು ಬಂದವು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತವೆ. ಕೂಲಿ ಬಿಟ್ಟು ಹೋಗುವುದು ತಪ್ಪಿತು. ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಹಳೆಯ ಚಾಳಿಯೂ ಹಿಂದೆಯೇ ಬಂತು. ಆನ್‌ಲೈನ್‌ನಲ್ಲಿ ಹಾಕಿದ್ದೀರಾ? ಅದರ ಪ್ರಿಂಟ್ ತಂದು ಕೊಡಿ. ಆಧಾರ್ ಜೆರಾಕ್ಸ್ ಎರಡು ಸೆಟ್ ಲಗತ್ತಿಸಿ. ಆದಾಯ ಪ್ರಮಾಣಪತ್ರ ಕೊಡುವುದು ಕಂದಾಯ ಇಲಾಖೆ. ಅದಕ್ಕೆ ಆರ್‌ಡಿ ನಂಬರ್ ಇರುತ್ತದೆ, ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಆ ನಂಬರ್ ಹಾಕಿದರೆ ಸರ್ಕಾರದ ಯಾವ ಕಚೇರಿಯಲ್ಲಿ ಬೇಕಾದರೂ ಪರಿಶೀಲಿಸಬಹುದು. ಆದರೂ ಮಕ್ಕಳು ಅದರ ಬಣ್ಣದ ಪ್ರಿಂಟ್ ಹಿಡಿದು ಓಡಾಡುತ್ತಾರೆ.

2023ರಲ್ಲಿ ಗೃಹಲಕ್ಷ್ಮಿ ಬಂದಾಗ ಈ ನೋವು ಎಲ್ಲರಿಗೂ ಕಂಡಿತು. ತಿಂಗಳಿಗೆ 2,000 ರೂಪಾಯಿ ಬಡ ಮನೆಗೆ ದೊಡ್ಡ ಆಸರೆ. ರೇಷನ್ ಕಾರ್ಡ್ ಒಂದೇ ಆಧಾರ ಎಂದದ್ದೂ ಸರಿಯೇ. ಆದರೆ ಕಾರ್ಡಿನಲ್ಲಿ ಯಜಮಾನಿಯ ಹೆಸರು ತಿದ್ದಿಸಬೇಕೆಂದರೆ ಸರ್ವರ್ ಕೆಲವೇ ದಿನ, ಕೆಲವೇ ಗಂಟೆ ತೆರೆಯುತ್ತಿತ್ತು. ಇಷ್ಟಾದ ಮೇಲೆ ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ, ಅಂದರೆ ಹಣ ಬರುವ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಎಂಬ ಉತ್ತರ. ಆ ಮಾತು ಈಗ ನಮ್ಮೂರಿನ ಅಜ್ಜಿಯರ ಬಾಯಲ್ಲೂ ಇದೆ. ಹೆಸರಿನ ಸಮಸ್ಯೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಜಾಸ್ತಿ. ಮನೆಯಲ್ಲಿ ತೆಲುಗು, ಪಹಣಿಯಲ್ಲಿ ಕನ್ನಡ, ಆಧಾರ್‌ನಲ್ಲಿ ಇಂಗ್ಲಿಷ್. ಮುನಿವೆಂಕಟಪ್ಪ ಎಂಬ ಒಬ್ಬನೇ ಮನುಷ್ಯ ಮೂರು ದಾಖಲೆಯಲ್ಲಿ ಮೂರು ಥರ ಇರುತ್ತಾನೆ. ಒಂದರಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಕಂಪ್ಯೂಟರ್ ಹೊಂದಿಕೆಯಾಗಿಲ್ಲ ಅನ್ನುತ್ತದೆ. ಅಲ್ಲಿಗೆ ಕೆಲಸ ನಿಲ್ಲುತ್ತದೆ. ಆ ಮನುಷ್ಯನನ್ನು ಇಪ್ಪತ್ತು ವರ್ಷದಿಂದ ಬಲ್ಲ ಗ್ರಾಮ ಆಡಳಿತಾಧಿಕಾರಿ ಪಕ್ಕದಲ್ಲೇ ನಿಂತಿದ್ದರೂ, ಇವನು ಅವನೇ ಎಂದು ಒಂದು ಗುಂಡಿ ಒತ್ತುವ ಅಧಿಕಾರ ಅವನಿಗಿಲ್ಲ. ತಪ್ಪು ಮಾಡಿದರೆ ಅವನ ಹೆಸರಲ್ಲೇ ದಾಖಲಾಗಲಿ. ಆದರೆ ಆ ಅಧಿಕಾರ ಕೊಡಿ. ಕೊರೊನಾ ಕಾಲದಲ್ಲಿ ಕೊಟ್ಟಿದ್ದಿರಿ, ಅವನು ಅದನ್ನು ಹಾಳು ಮಾಡಲಿಲ್ಲ.

ಕಂದಾಯ ಇಲಾಖೆಯಲ್ಲಿ ಈಚೆಗೆ ನಡೆಯುತ್ತಿರುವ ಎರಡು ಕೆಲಸ ನೋಡಿ ಸಂತೋಷವಾಗಿದೆ. ಒಂದು ಭೂ ಸುರಕ್ಷಾ. ರೆಕಾರ್ಡ್ ರೂಮಿನ ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಗೆದ್ದಲು ಹಿಡಿದ ದರಖಾಸ್ತು ಕಡತಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದರ ಬೆಲೆ ಗೊತ್ತು. ಇನ್ನೊಂದು ಇ-ಪೌತಿ. ಪಹಣಿಯಲ್ಲಿ ತಾತನ ಹೆಸರೇ ಉಳಿದಿರುವ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಕೆಲಸ. ಈ ಪೌತಿ ಆಗದ ಕಾರಣಕ್ಕೇ ಎಷ್ಟೋ ಮನೆಗಳಿಗೆ ಫ್ರೂಟ್ಸ್ ಐಡಿ ಇಲ್ಲ. ಅದಿಲ್ಲದ್ದಕ್ಕೆ ಆ ಮಕ್ಕಳಿಗೆ ವಿದ್ಯಾನಿಧಿಯೂ ಬರಲಿಲ್ಲ. ಬೆಳೆ ಪರಿಹಾರವೂ ಇಲ್ಲ.

ಪೌತಿಗೆ ನಾವು ಕೇಳುತ್ತಿದ್ದ ಕಾಗದಗಳು ಮುಖ್ಯವಾಗಿ ಎರಡು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ನಾನು ಕೆಲಸ ಮಾಡಿದ ಅಷ್ಟೂ ಕಾಲ ಹಳ್ಳಿಯಲ್ಲಿ ಸಾವು ದಾಖಲಿಸುತ್ತಿದ್ದವನು ಗ್ರಾಮ ಲೆಕ್ಕಿಗ. ವಂಶವೃಕ್ಷಕ್ಕೆ ಮಹಜರು ಮಾಡಿ ವರದಿ ಕೊಡುತ್ತಿದ್ದವನೂ ಅವನೇ. ಪೌತಿ ಅರ್ಜಿ ಬಂದಾಗ ವಿಚಾರಣೆ ಮಾಡುತ್ತಿದ್ದವನೂ ಅವನೇ. ತಾನೇ ಬರೆದ ಎರಡು ಕಾಗದಗಳನ್ನು ತನಗೇ ತಂದುಕೊಡಿ ಎಂದು ಅವನು ಸತ್ತವರ ಮನೆಯವರನ್ನು ಕೇಳಬೇಕಿತ್ತು. ಯಾರ ಕೆಟ್ಟತನವೂ ಇದರಲ್ಲಿಲ್ಲ. ಮೂರು ಕೆಲಸಕ್ಕೆ ಮೂರು ನಮೂನೆ, ಮೂರು ತಂತ್ರಾಂಶ. ಅವು ಒಂದಕ್ಕೊಂದು ಮಾತಾಡುತ್ತಿರಲಿಲ್ಲ.

ಈಗ ಸಾವು ದಾಖಲಾಗುವುದು ಇ-ಜನ್ಮದಲ್ಲಿ. ಪಹಣಿ ಭೂಮಿಯಲ್ಲಿದೆ. ಮನೆಯವರೆಲ್ಲರ ವಿವರ ಸರ್ಕಾರದ ಕುಟುಂಬ ತಂತ್ರಾಂಶದಲ್ಲಿದೆ. ಇ-ಪೌತಿ ಇವತ್ತು ಹಳೆಯ ಬಾಕಿ ತೀರಿಸುತ್ತಿದೆ. ಹೊಸ ಬಾಕಿ ಬೆಳೆಯದಂತೆ ಮಾಡಬೇಕಾದರೆ ಸಾವು ದಾಖಲಾದ ದಿನವೇ ಕೆಲಸ ಶುರುವಾಗಬೇಕು. ಆ ದಿನವೇ ಭೂಮಿಗೆ ಒಂದು ಸೂಚನೆ ಹೋಗಲಿ. ಪೌತಿಯ ಕಡತ ತಾನಾಗಿ ತೆರೆದುಕೊಳ್ಳಲಿ. ಅಣ್ಣತಮ್ಮಂದಿರಲ್ಲಿ ತಕರಾರಿದ್ದರೆ ಹೇಳಿಕೊಳ್ಳಲು ಅವಕಾಶ ಇರಲಿ, ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಲಿ. ಸತ್ತವರ ಹೆಂಡತಿಯ ವಿಧವಾ ವೇತನದ ಕಡತವೂ ಅದೇ ದಿನ ತೆರೆಯಲಿ. ಗ್ರಾಮ ಆಡಳಿತಾಧಿಕಾರಿ ತಿಥಿ ಮುಗಿದ ಮೇಲೆ ಒಂದು ಸಲ ಆ ಮನೆಗೆ ಹೋಗಿ ಬರಲಿ. ಆಕೆಯನ್ನು ಕೇಳಬೇಕಾದದ್ದು ಒಂದೇ: ದುಡ್ಡು ಯಾವ ಬ್ಯಾಂಕಿಗೆ ಹಾಕಬೇಕಮ್ಮ?